ಒಂದಿಡೀ ಸಂಚಿಕೆಯನ್ನು ತುಂಬಿದ ಲೇಖನ

ವರ್ಷ ಮುಗಿಯುತ್ತ ಬಂದಾಗ ಓದುವ ಹವ್ಯಾಸವುಳ್ಳ ನಾಲ್ಕು ಜನ ಒಂದೆಡೆ ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಈ ವರ್ಷ ಓದಿದ್ದರಲ್ಲಿ ಒಳ್ಳೆಯ ಲೇಖನ ಯಾವುದು? ಕಥೆಯಲ್ಲ, ಕಾದಂಬರಿಯಲ್ಲ. ಪತ್ರಿಕೆಯಲ್ಲಿ ಬಂದ ದೀರ್ಘ ಬರಹ, ಓದಿ ಮುಗಿಸಿದ ಕೂಡಲೇ ಇನ್ನೊಬ್ಬರ ಕೈಗೆ ದಾಟಿಸಬೇಕು ಎನ್ನಿಸಿದ್ದು. ಇದೇ ಪ್ರಶ್ನೆಯನ್ನು 1946ರ ಡಿಸೆಂಬರ್‌ನಲ್ಲಿ ಅಮೆರಿಕದ ಓದುಗರಿಗೆ ಹಾಕಿದ್ದರೆ ಬಹಳಷ್ಟು ಮಂದಿ ಒಂದೇ ಹೆಸರು ಹೇಳುತ್ತಿದ್ದರೇನೋ. ಅದು ಜಾನ್ ಹರ್ಸಿ ಬರೆದ ‘ಹಿರೋಶಿಮಾ’.

ಆ ವರ್ಷದ ಆಗಸ್ಟ್ 31ರ ‘ನ್ಯೂಯಾರ್ಕರ್’ ವಾರಪತ್ರಿಕೆಯ ಮುಖಪುಟದಲ್ಲಿ ಬೇಸಿಗೆಯ ಉದ್ಯಾನವೊಂದರ ಚಿತ್ರವಿತ್ತು. ಜನ ಆಡುತ್ತ, ಈಜುತ್ತ, ಬಿಸಿಲಿಗೆ ಮೈಯೊಡ್ಡಿ ಹಾಯಾಗಿದ್ದರು. ಆ ಪತ್ರಿಕೆಯ ನಗೆಚಿತ್ರಗಳು ಆಗಲೇ ಪ್ರಸಿದ್ಧ. ಎಂದಿನಂತೆ ಅವನ್ನು ಹುಡುಕುತ್ತ ಪುಟ ತಿರುವಿದವರಿಗೆ ಒಂದೂ ಸಿಗಲಿಲ್ಲ. ಕಥೆ, ಕವಿತೆ, ವಿಮರ್ಶೆ ಯಾವುದೂ ಇರಲಿಲ್ಲ. ಜಾಹೀರಾತು ಮತ್ತು ನಗರದ ಕಾರ್ಯಕ್ರಮಗಳ ಪಟ್ಟಿ ಬಿಟ್ಟರೆ ಉಳಿದ ಸಂಚಿಕೆಯೆಲ್ಲ ಒಂದೇ ಬರಹ, ಸುಮಾರು 30,000 ಶಬ್ದ. ನೀವೀಗ ಓದುತ್ತಿರುವಂಥ ಅಂಕಣ ಬರಹಗಳನ್ನು ಮೂವತ್ತು ನಲವತ್ತು ಒಟ್ಟುಗೂಡಿಸಿದರೆ ಅದಕ್ಕೆ ಸಮವಾದೀತು.

ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದು ಆಗ ಒಂದು ವರ್ಷ ದಾಟಿತ್ತು. ಅಮೆರಿಕದ ಜನ ಅಣಬೆಯಾಕಾರದ ಮೋಡವನ್ನೂ ನೆಲಸಮವಾದ ನಗರವನ್ನೂ ಚಿತ್ರಗಳಲ್ಲಿ ನೋಡಿದ್ದರು. ಎಷ್ಟು ಟನ್ ಸ್ಫೋಟಕಕ್ಕೆ ಸಮ, ಎಷ್ಟು ಚದರ ಮೈಲಿ ನಾಶ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಕೆಳಗಿದ್ದ ಮನುಷ್ಯರಿಗೆ ಏನಾಯಿತು ಎಂಬುದು. ಆಸ್ಟ್ರೇಲಿಯಾದ ವಿಲ್‌ಫ್ರೆಡ್ ಬರ್ಚೆಟ್ 1945ರ ಸೆಪ್ಟೆಂಬರ್‌ನಲ್ಲೇ ಅಲ್ಲಿಗೆ ಹೋಗಿ, ಗಾಯವಿಲ್ಲದವರೂ ಸಾಯುತ್ತಿದ್ದಾರೆ ಎಂದು ಲಂಡನ್ನಿನ ‘ಡೈಲಿ ಎಕ್ಸ್‌ಪ್ರೆಸ್’ಗೆ ವರದಿ ಕಳಿಸಿದ್ದರು. ಅಮೆರಿಕದ ಅಧಿಕಾರಿಗಳು ಅದನ್ನು ಅಲ್ಲಗಳೆದರು. ಜಪಾನಿನೊಳಗೆ ಪತ್ರಿಕೆಗಳ ಮೇಲೆ ಸೇನಾ ಆಡಳಿತದ ಕತ್ತರಿ ಇತ್ತು.

ಹರ್ಸಿಗೆ ಆಗ 31 ವರ್ಷ. ಹುಟ್ಟಿದ್ದು ಚೀನಾದಲ್ಲಿ, ಮಿಷನರಿ ದಂಪತಿಯ ಮಗನಾಗಿ. ಕಾದಂಬರಿಯೊಂದಕ್ಕೆ 1945ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. 1946ರಲ್ಲಿ ಚೀನಾದಿಂದ ಜಪಾನಿಗೆ ಹಡಗಿನಲ್ಲಿ ಹೊರಟಾಗ ಜ್ವರ ಬಂದು ಮಲಗಿದರು. ಹಡಗಿನವರು ತಂದುಕೊಟ್ಟ ಪುಸ್ತಕಗಳಲ್ಲಿ ಥಾರ್ನ್‌ಟನ್ ವೈಲ್ಡರ್‌ನ ಕಾದಂಬರಿ ಇತ್ತು. ಸೇತುವೆಯೊಂದು ಮುರಿದು ಐವರು ಸಾಯುತ್ತಾರೆ. ಆ ಐವರ ಬದುಕುಗಳು ಆ ಗಳಿಗೆಗೆ ಹೇಗೆ ಬಂದು ಸೇರಿದವು ಎಂಬುದೇ ಕಥೆ. ತಾನು ಬರೆಯಬೇಕಾದ್ದಕ್ಕೆ ದಾರಿ ಹರ್ಸಿಗೆ ಅಲ್ಲಿ ಹೊಳೆಯಿತು. ಜ್ವರವೂ ಒಮ್ಮೊಮ್ಮೆ ಪತ್ರಿಕೋದ್ಯಮಕ್ಕೆ ಉಪಕಾರ ಮಾಡುತ್ತದೆ!

ಹಿರೋಶಿಮಾದಲ್ಲಿ ಅವರು ಹಲವರನ್ನು ಮಾತನಾಡಿಸಿ ಕೊನೆಗೆ ಆರು ಜನರನ್ನು ಆರಿಸಿಕೊಂಡರು: ತವರದ ಕಾರ್ಖಾನೆಯ ಗುಮಾಸ್ತೆ ತೋಶಿಕೋ ಸಾಸಾಕಿ, ಖಾಸಗಿ ಆಸ್ಪತ್ರೆಯ ಡಾ. ಫುಜಿಯಿ, ರೆಡ್‌ಕ್ರಾಸ್ ಆಸ್ಪತ್ರೆಯ ಯುವ ವೈದ್ಯ ಡಾ. ಸಾಸಾಕಿ, ದರ್ಜಿಯ ವಿಧವೆ ಹತ್ಸುಯೋ ನಾಕಾಮುರಾ, ಜರ್ಮನಿಯ ಪಾದ್ರಿ ಕ್ಲೈನ್‌ಸೋರ್ಗೆ ಮತ್ತು ಮೆಥಡಿಸ್ಟ್ ಪಾದ್ರಿ ತಾನಿಮೋಟೋ. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಈ ಆರೂ ಜನ ಏನು ಮಾಡುತ್ತಿದ್ದರು ಎಂಬಲ್ಲಿಂದ ಲೇಖನ ಶುರುವಾಗುತ್ತದೆ. ಗುಮಾಸ್ತೆ ಪಕ್ಕದ ಮೇಜಿನ ಹುಡುಗಿಯತ್ತ ತಿರುಗುತ್ತಿದ್ದಾಳೆ. ಡಾ. ಫುಜಿಯಿ ಜಗುಲಿಯಲ್ಲಿ ಪೇಪರ್ ಓದಲು ಕೂರುತ್ತಿದ್ದಾರೆ. ಜರ್ಮನ್ ಪಾದ್ರಿಯ ಕೈಯಲ್ಲೂ ಒಂದು ಮಾಸಪತ್ರಿಕೆ.

ಮುಂದಿನದನ್ನು ಹರ್ಸಿ ದನಿ ಏರಿಸದೆ ಹೇಳುತ್ತಾರೆ. ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಇದ್ದುದು 600 ಹಾಸಿಗೆ. ನಡೆದು, ತೆವಳಿ ಬಂದವರು ಹತ್ತು ಸಾವಿರ. ಗಾಯವಾಗದೆ ಉಳಿದ ಒಬ್ಬನೇ ವೈದ್ಯ ಡಾ. ಸಾಸಾಕಿ. ಅವರ ಕನ್ನಡಕ ಹಾರಿಹೋಗಿತ್ತು. ಗಾಯಗೊಂಡ ದಾದಿಯೊಬ್ಬಳ ಕನ್ನಡಕ ಹಾಕಿಕೊಂಡು, ಅದು ಸರಿಹೊಂದದಿದ್ದರೂ, ನಿದ್ದೆಯಿಲ್ಲದೆ ಪಟ್ಟಿ ಕಟ್ಟುತ್ತ ಹೋದರು. ನಾಕಾಮುರಾ ಮೂರು ಮಕ್ಕಳನ್ನು ಅವಶೇಷದಡಿಯಿಂದ ಎಳೆದು, ಮನೆ ಬಿಟ್ಟು ಓಡುವ ಮುನ್ನ ಹೊಲಿಗೆ ಯಂತ್ರವನ್ನು ಮನೆ ಮುಂದಿನ ಸಿಮೆಂಟಿನ ನೀರು ತೊಟ್ಟಿಯೊಳಗೆ ಇಳಿಸಿದರು. ಗಂಡ ಸಿಂಗಪುರದಲ್ಲಿ ಯುದ್ಧಕ್ಕೆ ಬಲಿಯಾಗಿದ್ದ. ಅವರ ಜೀವನೋಪಾಯ ಆ ಯಂತ್ರವೊಂದೇ. ಅಯ್ಯೋ ಎನ್ನುವ ಕೆಲಸವನ್ನು ಹರ್ಸಿ ಓದುಗನಿಗೇ ಬಿಡುತ್ತಾರೆ. ಡಿಪ್ಲೊಮಾ ತರಗತಿಯಲ್ಲಿ ನಮಗೆ ಇದರ ಜೆರಾಕ್ಸ್ ಪ್ರತಿ ಹಂಚಿದ್ದರು. ವಿಶೇಷಣಗಳನ್ನು ಎಣಿಸಿ ಎಂದರು. ಎಣಿಸಲು ಹೆಚ್ಚೇನೂ ಸಿಗಲಿಲ್ಲ.

ಮೊದಲು ಇದನ್ನು ನಾಲ್ಕು ಕಂತುಗಳಲ್ಲಿ ಪ್ರಕಟಿಸುವ ಯೋಚನೆಯಿತ್ತು. ಒಂದೇ ಸಂಚಿಕೆಯಲ್ಲಿ ಹಾಕೋಣ ಎಂದವರು ಸಹಸಂಪಾದಕ ವಿಲಿಯಂ ಶಾನ್. ಸಂಪಾದಕ ಹೆರಾಲ್ಡ್ ರಾಸ್‌ಗೆ ಹಿಂಜರಿಕೆ. ನಗಿಸುವ ಪತ್ರಿಕೆಗೆ ದುಡ್ಡು ಕೊಟ್ಟ ಓದುಗನಿಗೆ ಇದನ್ನು ಕೊಡುವುದು ಹೇಗೆ? ಕೊನೆಗೆ ಒಪ್ಪಿದರು. ಒಪ್ಪಿದ ಮೇಲೆ ಸಾಲುಸಾಲಿಗೂ ಪ್ರಶ್ನೆ ಹಾಕಿದರು. ಒಂದು ಕಡೆ ಸೈಕಲ್ಲುಗಳು ಒಂದು ಪಕ್ಕಕ್ಕೆ ವಾಲಿದಂತಿದ್ದವು ಎಂಬರ್ಥದ ಮಾತಿತ್ತು. ಚಪ್ಪಟೆಯಾದ ವಸ್ತು ಹಾಗಿರಲು ಸಾಧ್ಯವೇ ಎಂದು ರಾಸ್ ಕೇಳಿದರು. ಸೈಕಲ್ಲುಗಳು ಮುದುಡಿಹೋದವು ಎಂದಾಯಿತು. ಇದೆಲ್ಲ ನಡೆದದ್ದು ಕಚೇರಿಯ ಉಳಿದ ಸಿಬ್ಬಂದಿಗೂ ಸುಳಿವು ಕೊಡದೆ. ಆದರೆ ಪ್ರತಿ ಅಚ್ಚಿಗೆ ಹೋಗುವ ಮುನ್ನ ಅಣುಬಾಂಬು ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ಕೈಗೂ ಹೋಗಿತ್ತು, ಅವರು ಸಣ್ಣಪುಟ್ಟ ಬದಲಾವಣೆಯೊಂದಿಗೆ ಒಪ್ಪಿಗೆ ಕೊಟ್ಟಿದ್ದರು ಎಂಬ ಸಂಗತಿ ಬಹುಕಾಲದ ನಂತರ, ಲೆಸ್ಲಿ ಬ್ಲೂಮ್ 2020ರಲ್ಲಿ ಬರೆದ ‘ಫಾಲ್‌ಔಟ್’ ಪುಸ್ತಕದಿಂದ ಎಲ್ಲರಿಗೂ ತಿಳಿಯಿತು.

ಸಂಚಿಕೆಯ ಬೆಲೆ 15 ಸೆಂಟ್. ಅಂಗಡಿಗಳಲ್ಲಿ ಬಹುಬೇಗ ಖಾಲಿಯಾಯಿತು. ಆಲ್ಬರ್ಟ್ ಐನ್‌ಸ್ಟೈನ್ ಹಂಚಲು ಸಾವಿರ ಪ್ರತಿ ಬೇಕೆಂದರು. ಎಬಿಸಿ ರೇಡಿಯೋ ಸೆಪ್ಟೆಂಬರ್‌ನಲ್ಲಿ ನಾಲ್ಕು ರಾತ್ರಿ ಇದನ್ನು ಸಂಗೀತದ ಹಂಗಿಲ್ಲದೆ ಓದಿಸಿತು; ಬಿಬಿಸಿಯೂ ಪ್ರಸಾರ ಮಾಡಿತು. ಮರುಮುದ್ರಿಸಲು ಕೇಳಿದ ಪತ್ರಿಕೆಗಳಿಗೆ ಹರ್ಸಿಯ ಷರತ್ತು, ಒಂದಕ್ಷರವನ್ನೂ ಕತ್ತರಿಸಕೂಡದು, ಹಣ ರೆಡ್‌ಕ್ರಾಸ್‌ಗೆ ಸಲ್ಲಬೇಕು. ನವೆಂಬರ್ ಹೊತ್ತಿಗೆ ಪುಸ್ತಕವೂ ಬಂತು. ಜಪಾನೀ ಭಾಷೆಗೆ ಬರಲು ಮಾತ್ರ 1949ರವರೆಗೆ ಕಾಯಬೇಕಾಯಿತು. ಅನುವಾದಕರಲ್ಲಿ ಲೇಖನದೊಳಗಿನ ತಾನಿಮೋಟೋ ಕೂಡ ಒಬ್ಬರು.

ಎಲ್ಲರೂ ಮೆಚ್ಚಲಿಲ್ಲ. ಭೂಕಂಪವನ್ನೋ ಪ್ರವಾಹವನ್ನೋ ವರ್ಣಿಸುವ ಹಾಗೆ ಬಾಂಬನ್ನು ವರ್ಣಿಸಲಾಗಿದೆ ಎಂಬುದು ಲೇಖಕಿ ಮೇರಿ ಮೆಕಾರ್ಥಿಯ ಟೀಕೆ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಬಾಂಬು ಹಾಕಿದವರು ಯಾರು, ಏಕೆ ಎಂಬ ಚರ್ಚೆ ಲೇಖನದಲ್ಲಿ ಹೆಚ್ಚು ಇಲ್ಲ. ಆದರೆ ಬಾಂಬು ಹಾಕಿದವರಿಗೆ ಬಿಸಿ ತಟ್ಟಿತ್ತು ಎನ್ನಿಸುತ್ತದೆ. 1947ರ ಫೆಬ್ರುವರಿಯಲ್ಲಿ ಮಾಜಿ ಯುದ್ಧ ಸಚಿವ ಹೆನ್ರಿ ಸ್ಟಿಮ್‌ಸನ್ ‘ಹಾರ್ಪರ್ಸ್’ ಪತ್ರಿಕೆಯಲ್ಲಿ ಆ ನಿರ್ಧಾರವನ್ನು ಸಮರ್ಥಿಸಿ ಇನ್ನೊಂದು ದೀರ್ಘ ಲೇಖನ ಬರೆದರು.

ಹಿರೋಶಿಮಾದಲ್ಲಿ 1945ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000 ಎಂದು ಅಂದಾಜು. ಉಳಿದವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹರ್ಸಿ ಮತ್ತೆ ಹೋಗಿ ಆ ಆರು ಜನರಿಗೆ ಏನಾಯಿತೆಂದು ವಿಚಾರಿಸಿ 1985ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. ಪುಸ್ತಕದ ಈಚಿನ ಆವೃತ್ತಿಗಳಲ್ಲಿ ಅದು ಐದನೆಯ ಅಧ್ಯಾಯ. ಕೊಳ್ಳುವವರು ಅದು ಇರುವ ಪ್ರತಿಯನ್ನೇ ಕೇಳಿ ತೆಗೆದುಕೊಳ್ಳುವುದು ಮೇಲು. ಗುಮಾಸ್ತೆ ಸಾಸಾಕಿ ಕ್ರೈಸ್ತ ಸನ್ಯಾಸಿನಿಯಾದರು ಎಂಬುದು ಅಲ್ಲಿ ತಿಳಿಯುತ್ತದೆ. ನಾಕಾಮುರಾ ತೊಟ್ಟಿಯಿಂದ ಎತ್ತಿಕೊಂಡ ತುಕ್ಕು ಹಿಡಿದ ಹೊಲಿಗೆ ಯಂತ್ರ ಏನಾಯಿತೆಂಬುದೂ ಅಲ್ಲೇ ಇದೆ: ಕಾಯಿಲೆ ಬಿದ್ದಾಗ ವೈದ್ಯರ ಹಣ ಕೊಡಲು ಅವರು ಅದನ್ನು ಮಾರಿದರು.