ಬಾದಾಮಿಯ ಮರಳುಗಲ್ಲು, ನಮ್ಮ ತೋಟದ ಮಣ್ಣು

ಗುಡ್ಡವೆಂದರೆ ಅಲುಗದ ವಸ್ತುವೆಂದು ನಂಬಿಕೊಂಡು ಬಂದವರು ನಾವು. 2018ರ ಆಗಸ್ಟ್ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕಾಫಿ ಗಿಡ, ನೆರಳಿನ ಮರ, ಮನೆಗಳ ಸಮೇತ ಜಾರಿದ ಮೇಲೆ ಆ ನಂಬಿಕೆ ಸಡಿಲಿದೆ. ಮಳೆಗಾಲ ಬಂತೆಂದರೆ ಸದಸ್ಯ ಬಾಂಧವರು ಸಂಘದ ಕಚೇರಿಯಲ್ಲಿ ಕೇಳುವುದು ಒಂದೇ ಮಾತು: ನಮ್ಮ ಗುಡ್ಡ ನಿಂತೀತೆ? ಉತ್ತರಕ್ಕೆ ಮೊದಲು, ಮಲೆನಾಡಿನಿಂದ ದೂರದ ಒಂದು ಸೀಮೆಯ ಕಡೆ ಓದುಗರನ್ನು ಕರೆದೊಯ್ಯುತ್ತೇವೆ.

ಅದು ಬಾಗಲಕೋಟೆ ಜಿಲ್ಲೆಯ ಬೇವೂರು, ಹುನಗುಂದ, ಇಳಕಲ್ಲಿನ ಬಯಲು. ಅಲ್ಲಿ ವರ್ಷದ ಮಳೆ ಸರಾಸರಿ 600 ಮಿ.ಮೀ. ಒಳಗೆ. ನಮ್ಮಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಅಷ್ಟು ಸುರಿದದ್ದುಂಟು! ಇಳಕಲ್ಲಿನ ಕೆಂಪು ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಅಂಥ ಹಳೆಯ ಕಲ್ಲು ಸವೆದು ಮರಳಾಗಿ, ಆ ಮರಳು ನೀರಿನಡಿ ಪದರ ಪದರವಾಗಿ ಕೂತು ಗಟ್ಟಿಯಾದದ್ದೇ ಬಾದಾಮಿಯ ಮರಳುಗಲ್ಲು. ನೀರಿನ ಅಲೆ ಎಳೆದ ಗೆರೆಗಳು ಬಂಡೆಯಲ್ಲಿ ಇಂದಿಗೂ ಕಾಣಸಿಗುತ್ತವೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಚಾಲುಕ್ಯರ ಕಲ್ಲುಕುಟಿಗರು ಕೊರೆದದ್ದು ಈ ಮರಳಿನಲ್ಲೇ.

ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ ಎಂದು ಶಾಲೆಯ ಪುಸ್ತಕ ನಾಲ್ಕು ಚಿತ್ರ ಬರೆಯುತ್ತದೆ. ಹೊಳೆಗೆ ಈ ಗಡಿಗಳು ತಿಳಿಯವು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ನಮ್ಮಂಥದೇ ಘಟ್ಟದಲ್ಲಿ. ಕೃಷ್ಣೆಯನ್ನು ಸೇರುವುದು ಹುನಗುಂದದ ಕಡೆಯ ಕೂಡಲಸಂಗಮದಲ್ಲಿ. 2019ರ ಆಗಸ್ಟಿನಲ್ಲಿ ಘಟ್ಟದ ಮಳೆಗೆ ನವಿಲುತೀರ್ಥದ ಅಣೆಕಟ್ಟೆ ತುಂಬಿ, ಬಿಟ್ಟ ನೀರು ಪಟ್ಟದಕಲ್ಲು, ಐಹೊಳೆಗೆ ನುಗ್ಗಿತು. ಆದರೆ 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಮಳೆ ಸುರಿದದ್ದು ಆ ಒಣ ಬಯಲಿನ ಮೇಲೆಯೇ. ಬರದ ಸೀಮೆಗೆ ನೆರೆ ಬಾರದೆಂಬ ಮಾತು ಅಲ್ಲಿಗೆ ಮುಗಿಯಿತು.

ಇನ್ನು ನಮ್ಮ ಗುಡ್ಡ. ಬಾದಾಮಿಯಲ್ಲಿ ಬಂಡೆ ಬರಿಗಣ್ಣಿಗೆ ಕಾಣುತ್ತದೆ. ನಮ್ಮಲ್ಲಿ ಅದು ಆಳದಲ್ಲಿದೆ. ಬಿಸಿಲು, ಮಳೆ, ಬೇರು ಸೇರಿ ಸಾವಿರಾರು ವರ್ಷ ಕಲ್ಲನ್ನು ಕೊಳೆಸಿ ಮಾಡಿದ ದಪ್ಪ ಮಣ್ಣಿನ ಮೇಲೆ ನಮ್ಮ ತೋಟ ನಿಂತಿದೆ. ಈ ಮಣ್ಣು ನೀರು ಕುಡಿದಷ್ಟೂ ಭಾರವಾಗುತ್ತದೆ. ಕಣಗಳ ನಡುವೆ ತುಂಬಿದ ನೀರು ಒಂದನ್ನೊಂದು ಹಿಡಿದ ಬಿಗಿಯನ್ನು ಬಿಡಿಸುತ್ತದೆ. ಆಗ ಬುಡದಲ್ಲಿ ರಸ್ತೆಗೋ ಮನೆಯ ಅಂಗಳಕ್ಕೋ ನೆಟ್ಟಗೆ ಕಡಿದಿದ್ದರೆ, ಮೇಲಿನ ಮಣ್ಣಿಗೆ ಆಸರೆ ಏನು? ಜೆಸಿಬಿ ಒಂದು ದಿನದಲ್ಲಿ ತೆಗೆಯುವ ಮಣ್ಣು ನಮ್ಮ ಹಿರಿಯರ ಗುದ್ದಲಿಗೆ ಒಂದು ಬೇಸಿಗೆಯ ಕೆಲಸವಾಗಿತ್ತು. ಅಷ್ಟು ನಿಧಾನ ಇದ್ದದ್ದರಿಂದಲೇ ಅವರು ಎಲ್ಲಿ ಕಡಿಯಬಾರದೆಂದು ಯೋಚಿಸಲು ಬಿಡುವಿತ್ತು ಎಂದು ನಮಗೆ ಅನ್ನಿಸುತ್ತದೆ.

ಹುನಗುಂದದ ಒಕ್ಕಲಿಗರು ಹೊಲಕ್ಕೆ ಒಡ್ಡು ಹಾಕುತ್ತಾರೆ. ಹರಿದು ಬಂದ ಮಣ್ಣು, ತೇವ ಅಲ್ಲೇ ನಿಲ್ಲಬೇಕು. ಹೆಚ್ಚಾದ ನೀರು ಹೋಗಲು ಮಾತ್ರ ಕಲ್ಲು ಕಟ್ಟಿದ ದಾರಿ. ಆ ದಾರಿಯಿಲ್ಲದ ಒಡ್ಡು ಒಂದೇ ಮಳೆಗೆ ಒಡೆಯುತ್ತದೆ. ನಮ್ಮಲ್ಲಿ ತೊಟ್ಟಿಲು ಗುಂಡಿ ತೆಗೆಯುವವರು ಬಹಳ, ನೀರು ಹೊರಹೋಗುವ ದಾರಿ ನೋಡುವವರು ಕಡಿಮೆ. ಸಾಧಾರಣ ಇಳಿಜಾರಿಗೆ ಗುಂಡಿ ಒಳ್ಳೆಯದೇ. ಕಡಿದಾದ, ಮಣ್ಣು ದಪ್ಪವಿರುವ ಕಡೆ ಮಳೆಗಾಲದ ನಡುವೆ ಗುಂಡಿ ತುಂಬಿ ನಿಲ್ಲುವುದು ಒಳ್ಳೆಯದಲ್ಲ. ಗುಡ್ಡದ ನೆತ್ತಿಯಲ್ಲಿ ಕೆರೆ ತೋಡುವುದಂತೂ ಬೇಡವೇ ಬೇಡ.

ಮೇ ತಿಂಗಳೊಳಗೆ ಬಸಿಗಾಲುವೆಗಳ ಹೂಳು ತೆಗೆಸಿರಿ. ಹಳೆಯ ನೆರಳಿನ ಮರ ಕಡಿಯಬೇಕಾದರೂ ಇಡೀ ಇಳಿಜಾರನ್ನು ಒಂದೇ ವರ್ಷ ಬೋಳು ಮಾಡಬೇಡಿ. ಕಡಿದ ಮರದ ಬೇರು ಕೆಲವು ವರ್ಷಗಳಲ್ಲಿ ಕೊಳೆತು ಹಿಡಿತ ಬಿಡುತ್ತದೆ. ತೋಟದ ಮೇಲ್ಭಾಗದಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು, ಇದ್ದಕ್ಕಿದ್ದಂತೆ ವಾಲಿದ ಮರ, ತಿಳಿಯಾಗಿದ್ದ ಒರತೆಯಲ್ಲಿ ಕೆಂಪು ನೀರು ಕಂಡರೆ ಬೆಳಗಾಗಲೆಂದು ಕಾಯದೆ ಕೆಳಗಿನ ಮನೆಯವರನ್ನೂ ಲೈನಿನ ಕಾರ್ಮಿಕರನ್ನೂ ಎಬ್ಬಿಸಿ ಬೇರೆ ಕಡೆ ಕಳಿಸಿರಿ. ಆಮೇಲೆ ಪಂಚಾಯಿತಿಗೂ ಸಂಘದ ಕಚೇರಿಗೂ ತಿಳಿಸಿರಿ.