ಮಕ್ಕಳಿಗೆ ವೇಗ ತೋರಿಸಲು ಹೋದೆ, ಅವರು ಉಪ್ಪಿನ ಬಗ್ಗೆ ಕೇಳಿದರು

ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಇಬ್ಬರನ್ನೂ ಕರ್ಕೊಂಡು ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಗಾಡಿ ಓಡೋ ಜಾಗಕ್ಕೆ ಹೋಗ್ತೀನಿ ಅಂದಾಗ, ಊರಿಂದ ಫೋನ್‌ನಲ್ಲಿದ್ದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನಿಂಗೆ ಬೇರೆ ಜಾಗ ಸಿಗ್ಲಿಲ್ವೇನೋ?"

ನಾವಿರೋದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿಯಲ್ಲಿ ಸುಮಾರು 180 ಕಿಲೋಮೀಟರ್ ಹೋದರೆ ಬಾನ್‌ವಿಲ್ ಉಪ್ಪಿನ ಬಯಲು. ಹಿಮಯುಗದ ದೊಡ್ಡ ಸರೋವರವೊಂದು ಬತ್ತಿಹೋದ ಮೇಲೆ ಉಳಿದ ಉಪ್ಪು ಅದು. ಸುಮಾರು 30 ಸಾವಿರ ಎಕರೆ, ಒಂದು ಗಿಡವೂ ಇಲ್ಲದ ಸಪಾಟು ನೆಲ. 1949ರಿಂದ ಇಲ್ಲಿ ಆಗಸ್ಟ್‌ನಲ್ಲಿ 'ಸ್ಪೀಡ್ ವೀಕ್' ನಡೆಯುತ್ತಾ ಬಂದಿದೆ.

ಇದು ಯಾವ ಥರದ ರೇಸು?

"ಅಪ್ಪಾ, ಇವ್ರು ಒಬ್ಬೊಬ್ರೇ ಓಡ್ತಿದಾರಲ್ಲ, ಸೋಲೋದು ಯಾರು?" ಅಂತ ಮಗಳು ಕೇಳಿದಳು. ಸರಿಯಾದ ಪ್ರಶ್ನೆ. ಇಲ್ಲಿ ಎದುರಾಳಿ ಇಲ್ಲ, ಗಡಿಯಾರ ಮಾತ್ರ. ಒಂದು ಪಿಕಪ್ ಟ್ರಕ್ ಹಿಂದಿನಿಂದ ತಳ್ಳಿ ಗಾಡಿಯನ್ನು ಹೊರಡಿಸುತ್ತದೆ. ನೇರವಾದ ಉಪ್ಪಿನ ದಾರಿಯಲ್ಲಿ ಅದು ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತದೆ, ಗುರುತು ಮಾಡಿದ ಮೈಲಿಗಳಲ್ಲಿ ಸರಾಸರಿ ವೇಗ ಅಳೆಯುತ್ತಾರೆ. ಆಮೇಲೆ ಪ್ಯಾರಾಚೂಟ್ ಬಿಚ್ಚಿ ನಿಲ್ಲುತ್ತದೆ. ಹಳೆಯ ದಾಖಲೆ ದಾಟಿದರೆ ಗಾಡಿಯನ್ನು ಪ್ರತ್ಯೇಕ ಜಾಗದಲ್ಲಿಟ್ಟು, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಓಡಿಸುತ್ತಾರೆ. ಎರಡರ ಸರಾಸರಿ ಹೆಚ್ಚಿದ್ದರೆ ಮಾತ್ರ ಹೊಸ ದಾಖಲೆ.

ಬಹುಮಾನದ ಹಣ ಇಲ್ಲ. ನಡೆಸುವವರು ಬಹುತೇಕ ಸ್ವಯಂಸೇವಕರು. ಎಂಜಿನ್ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ವರ್ಗಗಳಿರುವುದರಿಂದ ಪುಟ್ಟ ಬೈಕಿಗೂ ಇಲ್ಲಿ ದಾಖಲೆ ಇದೆ. ನ್ಯೂಜಿಲೆಂಡಿನ ಬರ್ಟ್ ಮನ್ರೋ 1967ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ, ಮನೆಯಲ್ಲೇ ಮಾರ್ಪಡಿಸಿದ 1920ರ 'ಇಂಡಿಯನ್' ಬೈಕಿನಲ್ಲಿ ಗಂಟೆಗೆ 296 ಕಿಲೋಮೀಟರ್ ದಾಟಿಸಿ ದಾಖಲೆ ಮಾಡಿದ್ದು ಇಲ್ಲೇ. ನಮಗೂ ಆ ಹೆಸರಿಗೂ ಸಂಬಂಧವಿಲ್ಲ, 'ಇಂಡಿಯನ್' ಅಮೆರಿಕದ ಬೈಕ್ ಕಂಪನಿ.

ಮಕ್ಕಳ ಜೊತೆ ಹೋಗೋದಾದ್ರೆ

ಬಿಸಿಲು ಮೇಲಿಂದ ಮಾತ್ರ ಬರೋದಿಲ್ಲ. ಬಿಳಿ ಉಪ್ಪು ಅದನ್ನ ಕೆಳಗಿಂದಲೂ ಎರಚುತ್ತೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಸುತ್ತ, ಚಡ್ಡಿ ಹಾಕಿದ ಮಕ್ಕಳ ತೊಡೆಯ ಒಳಭಾಗದಲ್ಲೂ ಚರ್ಮ ಸುಡುತ್ತೆ. ತೆಳು ಬಟ್ಟೆಯ ಪೂರ್ತಿ ಪ್ಯಾಂಟು, ಟೋಪಿ, ತಂಪು ಕನ್ನಡಕ, ಸನ್‌ಸ್ಕ್ರೀನ್ ಬೇಕೇ ಬೇಕು. ಬಯಲಲ್ಲಿ ನೆರಳಿಲ್ಲ, ನಲ್ಲಿ ಇಲ್ಲ. ನೀರು ಮತ್ತು ನೆರಳಿನ ಟೆಂಟು ನೀವೇ ಒಯ್ಯಬೇಕು. ಪುಟ್ಟ ಕಿವಿಗೆ ಸ್ಪಂಜಿನ ಬಿರಡೆ ಸರಿಯಾಗಿ ಕೂರಲ್ಲ, ಕಿವಿಯನ್ನು ಪೂರ್ತಿ ಮುಚ್ಚುವ ಇಯರ್ ಮಫ್ ವಾಸಿ. ನಿದ್ದೆ ಹೋಯ್ತು ಅಂತ ಮಗುವನ್ನ ಕಾರಲ್ಲಿ ಬಿಟ್ಟು ಹೋಗಲೇಬೇಡಿ.

ಓಡುವ ದಾರಿಯಿಂದ ಪ್ರೇಕ್ಷಕರನ್ನು ಬಹಳ ದೂರ ಇಡುತ್ತಾರೆ. ಹಾಗಾಗಿ ಮಕ್ಕಳಿಗೆ ಕಾಣೋದು ದೂರದಲ್ಲಿ ಸರಿದುಹೋಗುವ ಒಂದು ಚುಕ್ಕೆ, ಆಮೇಲೆ ಬರುವ ಸದ್ದು. ಹತ್ತು ನಿಮಿಷಕ್ಕೇ ನನ್ನ ಮಗನಿಗೆ ಬೇಜಾರಾಯ್ತು. ಅವನಿಗೆ ಇಷ್ಟವಾಗಿದ್ದು ಗಾಡಿ ರಿಪೇರಿ ಮಾಡುವ ಪಿಟ್. ಅಲ್ಲಿ ಯಾರು ಬೇಕಾದ್ರೂ ಓಡಾಡಬಹುದು, ಮೆಕ್ಯಾನಿಕ್‌ಗಳು ನಿಂತು ಮಾತಾಡ್ತಾರೆ. ಆದರೆ ಮಗುವಿನ ಕೈ ಬಿಡಬೇಡಿ, ಅಲ್ಲಿ ಬೈಕುಗಳು, ಗಾಡಿ ಎಳೆಯುವ ಟ್ರಕ್‌ಗಳು ಓಡಾಡುತ್ತಲೇ ಇರುತ್ತವೆ.

ಇನ್ನೊಂದು ಮಾತನ್ನು ಹೊರಡುವ ಮೊದಲೇ ಯೋಚಿಸಿಕೊಳ್ಳಿ. ಇದು ಅಪಾಯದ ಆಟ. 2025ರ ಸ್ಪೀಡ್ ವೀಕ್‌ನಲ್ಲಿ ಒಬ್ಬ ಚಾಲಕ ಅಪಘಾತದಲ್ಲಿ ತೀರಿಕೊಂಡರು. ಮಕ್ಕಳ ಎದುರು ಅಂಥದ್ದು ನಡೆದರೆ ಏನು ಹೇಳ್ತೀರಿ ಅನ್ನೋದು ತಂದೆ ತಾಯಿಗೆ ಮೊದಲೇ ಗೊತ್ತಿರಬೇಕು.

ಉಪ್ಪು ಎಲ್ಲಿ ಹೋಗ್ತಿದೆ?

ಪಿಟ್‌ನಲ್ಲಿ ಒಬ್ಬ ಮುದುಕರು ಮಗಳಿಗೆ ಹೇಳಿದರು, "ನಾನು ಹುಡುಗನಾಗಿದ್ದಾಗ ಈ ಉಪ್ಪು ಇನ್ನೂ ದಪ್ಪ ಇತ್ತು." ವಾಪಸ್ ಬರುವ ದಾರಿಯುದ್ದಕ್ಕೂ ಅವಳದ್ದು ಒಂದೇ ರಾಗ: "ಹಾಗಾದ್ರೆ ಯಾರು ತಗೊಂಡ್ರು?"

ಚಳಿಗಾಲದಲ್ಲಿ ಬಯಲ ಮೇಲೆ ನೀರು ನಿಲ್ಲುತ್ತದೆ, ಉಪ್ಪು ಕರಗುತ್ತದೆ. ಬೇಸಿಗೆಯಲ್ಲಿ ಆರಿದಾಗ ಹೊಸ, ನಯವಾದ ಪದರ ಕೂರುತ್ತದೆ. ರೇಸು ನಿಂತಿರುವುದು ಈ ಚಕ್ರದ ಮೇಲೆ. ಆದರೆ ಇದೇ ಪ್ರದೇಶದಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಪೊಟ್ಯಾಷ್ ಉದ್ಯಮವೂ ಇದೆ. ಕಾಲುವೆ ತೋಡಿ ನೆಲದಡಿಯ ಉಪ್ಪುನೀರನ್ನು ಹೊರಗೆ ಹರಿಸಿ, ಕೊಳಗಳಲ್ಲಿ ಆರಿಸಿ ಪೊಟ್ಯಾಷ್ ಬೇರ್ಪಡಿಸುತ್ತಾರೆ. ಆ ನೀರಿನ ಜೊತೆ ಸಾಮಾನ್ಯ ಉಪ್ಪೂ ಹೋಗುತ್ತದೆ. 1997ರಿಂದ ಐದು ವರ್ಷ ಉಪ್ಪುನೀರನ್ನು ವಾಪಸ್ ಬಯಲಿಗೆ ಪಂಪ್ ಮಾಡಿದರು, ಆಮೇಲೂ ಆ ಕೆಲಸ ನಡೆಯಿತು. ಆದರೂ ಉಪ್ಪಿನ ಪದರ ಮೊದಲಿನಂತಾಗಿಲ್ಲ. 2014, 2015, 2022ರಲ್ಲಿ ನೆಲ ಒದ್ದೆಯಾಗಿ ಹಾಳಾಗಿದ್ದರಿಂದ ಸ್ಪೀಡ್ ವೀಕ್ ರದ್ದಾಯಿತು.

ವಿಜ್ಞಾನಿಗಳು ಒಬ್ಬರನ್ನೇ ಹೊಣೆ ಮಾಡುವುದಿಲ್ಲ. ಗಣಿಗಾರಿಕೆ, ಹವಾಮಾನ, ಬಯಲನ್ನು ಸೀಳಿದ ಹೆದ್ದಾರಿ, ಕೊನೆಗೆ ನಮ್ಮ ಗಾಡಿಗಳ ಚಕ್ರ, ಎಲ್ಲವೂ ಲೆಕ್ಕಕ್ಕಿವೆ. ನಾವೂ ಮನೆಗೆ ಬಂದು ಕಾರಿನ ಅಡಿಗೆ ಅಂಟಿದ್ದ ಉಪ್ಪು ತೊಳೆದೆವಲ್ಲ.

'ಕಂಪನಿ ಕೆಟ್ಟದ್ದು' ಅಂತ ಹೇಳಿ ಮುಗಿಸೋದು ಸುಲಭವಿತ್ತು. ಆದರೆ ಊರಲ್ಲಿ ನಮ್ಮಪ್ಪ ಹೊಲಕ್ಕೆ ಎರಚುವ ಗೊಬ್ಬರದಲ್ಲೂ ಪೊಟ್ಯಾಷ್ ಇದೆ. ಭಾರತ ತನಗೆ ಬೇಕಾದ ಪೊಟ್ಯಾಷನ್ನು ಹೆಚ್ಚೂಕಮ್ಮಿ ಪೂರ್ತಿ ಹೊರದೇಶಗಳಿಂದಲೇ ತರಿಸಿಕೊಳ್ಳುತ್ತೆ. ಎಲ್ಲೋ ಒಂದು ನೆಲ ಅಗೆದರೇನೇ ಅದು ಬರೋದು. ಪೊಟ್ಯಾಷ್ ತೆಗೀಬೇಕಾ ಬೇಡ್ವಾ ಅನ್ನೋದಕ್ಕಿಂತ, ತೆಗೆದವರು ಎಷ್ಟು ವಾಪಸ್ ಕೊಡಬೇಕು, ಅದನ್ನ ಅಳೆಯೋರು ಯಾರು ಅನ್ನೋದೇ ನನಗೆ ದೊಡ್ಡ ಪ್ರಶ್ನೆ ಅನ್ನಿಸ್ತು.

ಈ ಬಯಲು ಸಾರ್ವಜನಿಕ ಭೂಮಿ. ನೋಡಿಕೊಳ್ಳುವುದು ಅಮೆರಿಕದ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆ. 1985ರಲ್ಲಿ ಇದನ್ನು ವಿಶೇಷ ಪರಿಸರ ಕಾಳಜಿಯ ಪ್ರದೇಶ ಎಂದು ಗುರುತಿಸಿದ್ದೂ, ಗಣಿ ಗುತ್ತಿಗೆ ಕೊಡುವುದೂ ಅದೇ ಇಲಾಖೆ. ಹಾಗಾಗಿ ಮಗಳಿಗೆ ಹೇಳಿದೆ: "ಯಾರೋ ಕದ್ದಿಲ್ಲ ಪುಟ್ಟಿ. ಎಲ್ರದ್ದೂ ಆಗಿರೋದನ್ನ ಒಬ್ಬೊಬ್ರೂ ಸ್ವಲ್ಪ ಸ್ವಲ್ಪ ತಗೊಂಡಿದಾರೆ, ವಾಪಸ್ ಹಾಕೋ ಲೆಕ್ಕ ಯಾರೂ ಸರಿಯಾಗಿ ಇಟ್ಟಿಲ್ಲ."

ಅವಳು ಸುಮ್ಮನಾಗಲಿಲ್ಲ. "ಮತ್ತೆ ಅವ್ರಿಗೆ ನೀನು ಹೇಳು."

ಹೇಳಬಹುದು. ಇಂಥ ಭೂಮಿಯ ಯೋಜನೆಗಳ ಬಗ್ಗೆ ಆ ಇಲಾಖೆ ಜನರ ಅಭಿಪ್ರಾಯ ಕೇಳಿದಾಗ ಯಾರು ಬೇಕಾದರೂ ಬರೆದು ಕಳಿಸಬಹುದು, ಅಮೆರಿಕದ ಪೌರತ್ವ ಬೇಕಾಗಿಲ್ಲ. ವೀಸಾ ಮೇಲೆ ಬದುಕೋ ನಮ್ಮಂಥೋರು "ನಮಗ್ಯಾಕೆ ಇಲ್ಲಿನ ಉಸಾಬರಿ" ಅಂತ ಸುಮ್ಮನಿರ್ತೀವಿ. ಮುಂದಿನ ಸಲ ಕೇಳಿದಾಗ ನಾನು ಬರೀತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ.