ನಿಮಗಿದು ಗೊತ್ತೆ? ಜಿನ್ಸೆಂಗ್ ಸತ್ವ ಬಿಡಿಸುವುದು ಕರುಳು
ದಕ್ಷಿಣ ಕೊರಿಯಾದ ರೈತರು ಜಿನ್ಸೆಂಗ್ ಎಂಬ ಔಷಧೀಯ ಬೇರು ಅಗೆಯಲು 4ರಿಂದ 6 ವರ್ಷ ಕಾಯುತ್ತಾರೆ. ಅದರ ಮುಖ್ಯ ಸತ್ವ ಜಿನ್ಸೆನೊಸೈಡ್‌ಗಳು. ಇವು ಸೀಗೆಕಾಯಿಗೆ ನೊರೆ ಕೊಡುವ ಸಪೋನಿನ್‌ಗಳ ಬಳಗಕ್ಕೇ ಸೇರಿದವು. ಅಚ್ಚರಿಯೆಂದರೆ, ಇವು ನೇರವಾಗಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆರ್‌ಬಿ1 ಎಂಬ ಜಿನ್ಸೆನೊಸೈಡ್‌ಗೆ ಅಂಟಿಕೊಂಡ ಸಕ್ಕರೆ ಅಣುಗಳನ್ನು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಒಂದೊಂದಾಗಿ ಕಳಚಿ ‘ಕಾಂಪೌಂಡ್ ಕೆ’ ಆಗಿಸುತ್ತವೆ. ಆಗ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಹಾಗಾಗಿ ಪರಿಣಾಮವೂ ಬೇರೆಬೇರೆ. ಹಬೆಯಲ್ಲಿ ಬೇಯಿಸಿ ಒಣಗಿಸಿದ ಕೆಂಪು ಜಿನ್ಸೆಂಗ್‌ನಲ್ಲಿ ಆರ್‌ಜಿ3 ಎಂಬ ಜಿನ್ಸೆನೊಸೈಡ್ ಅಂಶ ಹೆಚ್ಚುತ್ತದೆ. ಜಿನ್ಸೆಂಗ್ ದಣಿವನ್ನೂ ರಕ್ತದ ಸಕ್ಕರೆಯನ್ನೂ ತಗ್ಗಿಸಬಹುದೆಂಬ ಸೂಚನೆ ಕೆಲವು ಅಧ್ಯಯನಗಳಲ್ಲಿದೆ. ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಲೇಬಾರದು.